ಕಿಟಕಿಯ ಪರದೆ ಮತ್ತು ಜಾತಕದ ನೆಪ: ನಿರಾಕರಣೆಯ ಕಾರಣವೂ ಆತ್ಮಗೌರವವೂ

ತಿರಸ್ಕಾರಕ್ಕೆ ಒಳಗಾದವರ ಆತ್ಮಗೌರವ ಕುಗ್ಗುತ್ತದೆ ಎಂಬುದು ಲೋಕರೂಢಿಯ ನಂಬಿಕೆ. ಮಾರ್ಕ್ ಲಿಯರಿ ಮತ್ತು ಸಂಗಡಿಗರು 1995ರಲ್ಲಿ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಸುತ್ತಲಿನವರು ನಮ್ಮನ್ನು ಎಷ್ಟರಮಟ್ಟಿಗೆ ಸೇರಿಸಿಕೊಂಡಿದ್ದಾರೆ ಎಂದು ಅಳೆಯುವ ಒಳಗಿನ ಮಾಪಕವೇ ಆತ್ಮಗೌರವ ಎಂಬುದು ಅವರ ವಾದ. ಕಿಪ್ಲಿಂಗ್ ವಿಲಿಯಮ್ಸ್ ರೂಪಿಸಿದ ಕಂಪ್ಯೂಟರ್ ಚೆಂಡಾಟದ ಪ್ರಯೋಗಗಳು ಇದಕ್ಕೆ ಬಲ ನೀಡಿದವು. ತೆರೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ತುಸು ಹೊತ್ತಿಗೆ ಒಬ್ಬನಿಗೆ ಮಾತ್ರ ಚೆಂಡು ಬರುವುದು ನಿಲ್ಲುತ್ತದೆ. ಆಡುತ್ತಿರುವುದು ಯಂತ್ರ ಎಂದು ಮೊದಲೇ ತಿಳಿಸಿದ್ದರೂ ನೋವು ತಪ್ಪಲಿಲ್ಲವೆಂದು 2004ರ ಅಧ್ಯಯನವೊಂದು ತೋರಿಸಿತು.

ಆದರೆ ಬ್ಲಾಕ್‌ಹಾರ್ಟ್ ಮತ್ತಿತರರು 2009ರಲ್ಲಿ 192 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೇರೆಯದೇ ಫಲಿತಾಂಶ ಬಂತು. ಮನ್ನಣೆ ಸಿಕ್ಕವರ ಆತ್ಮಗೌರವ ಏರುತ್ತದೆ, ನಿಜ. ಆದರೆ ತಿರಸ್ಕೃತರದು ತಟಸ್ಥ ಸ್ಥಿತಿಯಲ್ಲಿದ್ದವರಿಗಿಂತ ಕೆಳಗಿಳಿದಿರಲಿಲ್ಲ. ಈ ವಿರೋಧವನ್ನು ಅಳತೆಯ ವಿಧಾನದ ತಕರಾರೆಂದು ಬದಿಗಿಡುವುದು ಸುಲಭ. ನನ್ನ ದೃಷ್ಟಿಯಲ್ಲಿ ಎರಡೂ ಪಕ್ಷಗಳು ನೋವಿನ ಪ್ರಮಾಣವನ್ನು ಅಳೆದವೇ ಹೊರತು, ನೊಂದವರು ಅದರ ಕಾರಣವನ್ನು ಯಾರ ಮೇಲೆ ಹೊರಿಸಿದರು ಎಂದು ಸಾಕಷ್ಟು ಕೇಳಲಿಲ್ಲ.

ಕೇಳಿದವರು ಜೆನಿಫರ್ ಕ್ರಾಕರ್, ಬ್ರೆಂಡಾ ಮೇಜರ್ ಮತ್ತು ಸಹೋದ್ಯೋಗಿಗಳು. ಅಮೆರಿಕದ ಕಪ್ಪು ವಿದ್ಯಾರ್ಥಿಗಳ ಕುರಿತ ಅವರ 1991ರ ಪ್ರಯೋಗದ ಜಾಣತನ ಇರುವುದು ಒಂದು ಕಿಟಕಿಯ ಪರದೆಯಲ್ಲಿ. ಪಕ್ಕದ ಕೋಣೆಯಲ್ಲಿರುವ ಬಿಳಿಯ ವಿದ್ಯಾರ್ಥಿಯೊಬ್ಬ ತಮ್ಮ ಬಗ್ಗೆ ಅಭಿಪ್ರಾಯ ಹೇಳುತ್ತಾನೆ ಎಂದು ಇವರು ತಿಳಿದಿದ್ದರು. ಕೆಲವರ ಪಾಲಿಗೆ ಪರದೆ ಎತ್ತಿತ್ತು, ಕೆಲವರಿಗೆ ಇಳಿದಿತ್ತು. ತಮ್ಮ ಮೈಬಣ್ಣ ಆತನಿಗೆ ಕಂಡಿದೆ ಎಂದು ಗೊತ್ತಿದ್ದವರು ಪ್ರತಿಕೂಲ ಅಭಿಪ್ರಾಯವನ್ನು ಪೂರ್ವಗ್ರಹದ ಲೆಕ್ಕಕ್ಕೆ ಹಾಕಿದರು; ಅವರ ಆತ್ಮಗೌರವಕ್ಕೆ ರಕ್ಷಣೆ ಸಿಕ್ಕಿತು. ಹೊಗಳಿಕೆ ಬಂದಾಗ ಮಾತ್ರ ಅದೇ ಅರಿವು ತಿರುಗಿಬಿತ್ತು. ಇದು ನನ್ನ ಯೋಗ್ಯತೆಗೆ ಸಂದದ್ದೋ ಬರೀ ಸೌಜನ್ಯವೋ ಎಂಬ ಅನುಮಾನ ಹೊಗಳಿಕೆಯ ಬೆಲೆಯನ್ನೇ ತಿಂದುಹಾಕಿತು. ತೆಗಳಿಕೆಗಿಂತ ಹೊಗಳಿಕೆ ಹೆಚ್ಚು ಹಾನಿ ಮಾಡಬಲ್ಲದು ಎಂಬ ಈ ಭಾಗ ಇನ್ನೂ ಹೆಚ್ಚಿನ ಚರ್ಚೆಗೆ ಅರ್ಹ.

ಇದೇ ದೃಷ್ಟಿಯಿಂದ ನಮ್ಮ ಹೆಣ್ಣು ನೋಡುವ ಶಾಸ್ತ್ರವನ್ನು ಗಮನಿಸಬಹುದು. ಗಂಡಿನ ಕಡೆಯವರು ಕೇಸರಿಬಾತು ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಏಳುತ್ತಾರೆ. ಆಮೇಲೆ ಬರುವ ಉತ್ತರ, "ಜಾತಕ ಕೂಡಿಬರಲಿಲ್ಲ". ಇದು ನೆಪವೆಂದು ಅನೇಕ ಸಲ ಎರಡೂ ಮನೆಯವರಿಗೆ ಗೊತ್ತು. ಆದರೂ ಈ ನೆಪಕ್ಕೊಂದು ಕೆಲಸವಿದೆ: ಹುಡುಗಿಯ ರೂಪ, ಬಣ್ಣ, ಓದು, ತಂದೆಯ ಆಸ್ತಿ ಯಾವುದನ್ನೂ ಮುಟ್ಟದೆ ಕಾರಣವನ್ನು ಗ್ರಹಗಳ ಮೇಲೆ ಹಾಕುತ್ತದೆ. ಜ್ಯೋತಿಷ್ಯದ ಸತ್ಯಾಸತ್ಯತೆ ಇಲ್ಲಿ ಅಪ್ರಸ್ತುತ. "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ..." ಎಂಬ ಮಾತು ಅಷ್ಟು ಸಮಾಧಾನ ಕೊಡದಿರುವುದೂ ಸಹಜವೇ, ಆ ಹೊಗಳಿಕೆ ಸೌಜನ್ಯದ್ದೆಂಬ ಗುಮಾನಿ ಅಲ್ಲೂ ಇದೆ.

ಈ ರಕ್ಷಣೆಗೆ ಮಿತಿಯುಂಟು. ಮೊದಲ ಸಂಬಂಧ ತಪ್ಪಿದಾಗ ನಂಬಬಹುದಾದ ನೆಪ, ಮತ್ತೆ ಮತ್ತೆ ಕೇಳಿದಾಗ ಸವೆಯುತ್ತದೆ. ಜಾತಕ ಅದೇ, ನೋಡಲು ಬರುವವರು ಮಾತ್ರ ಬೇರೆ ಬೇರೆ. ಆಗ ಕೊರತೆ ತನ್ನದೇ ಎಂಬ ತೀರ್ಮಾನಕ್ಕೆ ಹುಡುಗಿ ಬರುತ್ತಾಳೆ. ಮನೆಯ ಹಿರಿಯರು "ಸ್ವಲ್ಪ ಬೆಳ್ಳಗಿದ್ದಿದ್ದರೆ" ಎಂದುಬಿಟ್ಟರಂತೂ ಗ್ರಹಗಳೂ ಕಾಪಾಡಲಾರವು. ಇನ್ನೊಂದು ಅಪಾಯವೂ ಇದೆ: ಎಲ್ಲ ನಿರಾಕರಣೆಗೂ ಕಾರಣ ಹೊರಗೇ ಇದೆ ಎಂದುಕೊಂಡವರಿಗೆ ತಿದ್ದಿಕೊಳ್ಳುವ ದಾರಿ ಮುಚ್ಚುತ್ತದೆ. ಕೆಲಸದ ಸಂದರ್ಶನದಲ್ಲಿ ಇದು ದುಬಾರಿಯಾದೀತು. ವಧುಪರೀಕ್ಷೆಯಲ್ಲಿ ತಿದ್ದಿಕೊಳ್ಳಬೇಕಾದದ್ದು ಹುಡುಗಿಯಲ್ಲ.

ಆದ್ದರಿಂದ ಆಪ್ತಸಲಹೆಗಾರರು ನೊಂದವರಿಗೆ ಆತ್ಮವಿಶ್ವಾಸದ ಉಪದೇಶ ಮಾಡುವ ಮೊದಲು, "ಯಾಕೆ ಬೇಡವೆಂದರು ಅಂತ ನಿಮಗೆ ಅನಿಸುತ್ತೆ?" ಎಂದು ಕೇಳಲಿ. ಜಾತಕದ ನೆಪದ ಬಗ್ಗೆ ಇಲ್ಲಿ ಮಂಡಿಸಿದ್ದು ಊಹೆ ಮಾತ್ರ. ನಮ್ಮ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರ ವಿಭಾಗಗಳ ಸಂಶೋಧನಾರ್ಥಿಗಳು ಹೆಣ್ಣುಮಕ್ಕಳನ್ನೇ ನೇರವಾಗಿ ಮಾತನಾಡಿಸಿ ಇದನ್ನು ಪರೀಕ್ಷಿಸಬೇಕು.