ವಿದ್ಯಾಮಂದಿರದ ಹೊರಗೆ: ಕನ್ನಡ ನಾಡಿನ ವಿಶ್ವವಿದ್ಯಾನಿಲಯಗಳ ಸಾರ್ವಜನಿಕ ಉಪನ್ಯಾಸ ಪರಂಪರೆ

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳನ್ನೂ ಕಟ್ಟಡಗಳನ್ನೂ ಪದವಿ ಪಡೆದವರ ಪಟ್ಟಿಗಳನ್ನೂ ಆಧಾರವಾಗಿಟ್ಟುಕೊಳ್ಳುತ್ತಾರೆ. ಪದವಿಯ ಹಂಬಲವಿಲ್ಲದೆ ಸಂಜೆಯ ಹೊತ್ತು ಬಂದು ಕುಳಿತು ರಾಜ್ಯನೀತಿಯನ್ನೋ ಕಾವ್ಯವನ್ನೋ ಶಿಲ್ಪವನ್ನೋ ಕುರಿತು ವಿದ್ವಾಂಸರ ಮಾತನ್ನು ಕೇಳಿ ಮನೆಗೆ ಮರಳಿದ ಊರವರ ವಿಷಯವು ಆ ದಾಖಲೆಗಳಲ್ಲಿ ದೊರೆಯುವುದು ವಿರಳ. ಆದರೂ ನಮ್ಮ ನಾಡಿನಲ್ಲಿ ವಿಶ್ವವಿದ್ಯಾನಿಲಯವೆಂಬ ಹೊಸ ಸಂಸ್ಥೆಯು ಜನರದೆನ್ನಿಸಿಕೊಂಡದ್ದು ಮುಖ್ಯವಾಗಿ ಈ ಉಪನ್ಯಾಸಗಳ ಮೂಲಕವೇ ಎಂಬುದೂ, ಅದು ಸಾಧ್ಯವಾದದ್ದು ಉಪನ್ಯಾಸವು ಕೇಳುವವನ ಭಾಷೆಯನ್ನು ಕೈಕೊಂಡ ಮೇಲೆಯೇ ಎಂಬುದೂ ಪ್ರಸ್ತುತ ಲೇಖನದ ಪ್ರತಿಪಾದ್ಯ.

ಈ ಪದ್ಧತಿಯ ಆಧುನಿಕ ರೂಪವು ಇಂಗ್ಲೆಂಡಿನಲ್ಲಿ ತಲೆದೋರಿತು. ಕೇಂಬ್ರಿಜ್ಜಿನ ಜೇಮ್ಸ್ ಸ್ಟೂಅರ್ಟ್ ಎಂಬ ತರುಣ ಅಧ್ಯಾಪಕನು 1867ರಲ್ಲಿ ಉತ್ತರ ಇಂಗ್ಲೆಂಡಿನ ಪಟ್ಟಣಗಳಲ್ಲಿ ಸ್ತ್ರೀಸಮಾಜಗಳ ಆಹ್ವಾನದ ಮೇರೆಗೆ ಉಪನ್ಯಾಸಗಳನ್ನು ಪ್ರಾರಂಭಿಸಿ, ಅನಂತರ ರೈಲ್ವೆ ಕಾರ್ಖಾನೆಯ ಕೆಲಸಗಾರರಿಗೂ ರಾಚ್‌ಡೇಲಿನ ಸಹಕಾರ ಸಂಘದವರಿಗೂ ಅದೇ ಬಗೆಯಲ್ಲಿ ಪಾಠ ಹೇಳತೊಡಗಿದನು. ರಾಚ್‌ಡೇಲಿನಲ್ಲಿ ಒಮ್ಮೆ, ಉಪನ್ಯಾಸಕ್ಕೆಂದು ಗೋಡೆಗೆ ತೂಗುಹಾಕಿದ್ದ ಚಿತ್ರಪಟಗಳನ್ನು ಮುಂದಿನ ವಾರದವರೆಗೂ ತೆಗೆಯದಂತೆ ಹೇಳಿಹೋಗಿದ್ದ ಆತನು, ಮರುಸಲ ಬಂದಾಗ, ಜನರು ಆ ಪಟಗಳನ್ನು ಕುರಿತು ತಮ್ಮತಮ್ಮೊಳಗೆ ವಾದಿಸಿದ್ದರೆಂದು ತಿಳಿದುಬಂದಿತಂತೆ. ಅಂದಿನಿಂದ ಉಪನ್ಯಾಸದೊಡನೆ ಪ್ರಶ್ನೋತ್ತರಕ್ಕೂ ಒಂದು ಕಾಲವನ್ನು ಗೊತ್ತುಮಾಡಿದನು. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಈ ಕಾರ್ಯವನ್ನು ತನ್ನದನ್ನಾಗಿ ಅಂಗೀಕರಿಸಿತು. ಶ್ರೋತೃವಿಗೂ ಮಾತಿನ ಹಕ್ಕುಂಟೆಂದು ವಿದ್ಯಾಪೀಠವೊಂದು ಒಪ್ಪಿಕೊಂಡದ್ದು ಈ ವೃತ್ತಾಂತದಲ್ಲಿ ನನಗೆ ಅತ್ಯಂತ ಮಹತ್ವದ್ದೆಂದು ತೋರುತ್ತದೆ.

ಕನ್ನಡ ನಾಡಿಗೆ ಬಂದರೆ, ಇಲ್ಲಿಯ ಶ್ರೋತೃಗಳು ಉಪನ್ಯಾಸಕ್ಕೆ ಹೊಸಬರಾಗಿರಲಿಲ್ಲ. ಗಮಕಿಯು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ಓದುವುದು, ವ್ಯಾಖ್ಯಾನಕಾರನು ಅದರ ಅರ್ಥವನ್ನು ಬಿಡಿಸಿ ಲೋಕಾನುಭವದೊಡನೆ ಕೂಡಿಸಿ ಹೇಳುವುದು, ನೆರೆದವರು ಹೊತ್ತು ಕಳೆದುದನ್ನೇ ಅರಿಯದೆ ಕೇಳುವುದು, ಇವೆಲ್ಲ ಊರೂರಿನಲ್ಲಿ ನಡೆದುಬಂದ ಸಂಪ್ರದಾಯ. ಹರಿಕಥೆ ಪುರಾಣಪ್ರವಚನಗಳ ಮಾತು ಬೇರೆ ಹೇಳಬೇಕಾದುದಿಲ್ಲ. ದೀರ್ಘವಾದ ಮಾತನ್ನು ಏಕಾಗ್ರತೆಯಿಂದ ಕೇಳುವ ಈ ಸಂಸ್ಕಾರವು ಸಿದ್ಧವಾಗಿಯೇ ಇದ್ದಿತು. ವಿಶ್ವವಿದ್ಯಾನಿಲಯವು ಅದನ್ನು ಗುರುತಿಸಲು ಮಾತ್ರ ಕೆಲವು ಕಾಲ ಹಿಡಿಯಿತು.

ಮೈಸೂರು ವಿಶ್ವವಿದ್ಯಾನಿಲಯವು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ, 1916ರ ಜುಲೈ 27ರಂದು ಸ್ಥಾಪಿತವಾಯಿತು. 1918ರಲ್ಲಿ ನಡೆದ ಪ್ರಥಮ ಘಟಿಕೋತ್ಸವದಲ್ಲಿ ಭಾಷಣ ಮಾಡಿದವರು ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿ. ಇದೇ ಮಹನೀಯರು ತಮ್ಮ ಕೊನೆಯ ದಿನಗಳಲ್ಲಿ, ಅಗಲಿದ ಮಗಳು ಕಮಲೆಯ ಸ್ಮರಣಾರ್ಥವಾಗಿ ಕಲ್ಕತ್ತೆಯಲ್ಲಿ ಉಪನ್ಯಾಸಮಾಲೆಯೊಂದಕ್ಕೆ ನಿಧಿಯನ್ನಿಟ್ಟು, ಭಾರತೀಯ ಜೀವನ ಚಿಂತನಗಳನ್ನು ಕುರಿತ ಆ ಉಪನ್ಯಾಸಗಳು ಬಂಗಾಳಿಯಲ್ಲಾದರೂ ಇಂಗ್ಲಿಷಿನಲ್ಲಾದರೂ ನಡೆಯಬಹುದೆಂದು ವಿಧಿಸಿದರು. ಇಂಗ್ಲಿಷಿಗೇ ಪೀಠವೆಲ್ಲ ಮೀಸಲಾಗಿದ್ದ ಆ ಕಾಲದಲ್ಲಿ ದೇಶಭಾಷೆಯನ್ನು ಅದರ ಪಕ್ಕದಲ್ಲಿ ಸಮಾನವಾಗಿ ಕೂರಿಸಿದ ಆ ಔದಾರ್ಯಕ್ಕೆ ತಕ್ಕ ಗೌರವ ಇನ್ನೂ ಸಂದಿಲ್ಲ.

ಮೈಸೂರಿನ ಆರಂಭದ ವರ್ಷಗಳ ಉಪನ್ಯಾಸವೈಭವವು ಇಂಗ್ಲಿಷಿನದೇ. ಮಹಾರಾಜಾ ಕಾಲೇಜಿನ ಜೂನಿಯರ್ ಬಿ.ಎ. ಹಾಲ್ ಎಂದು ಪ್ರಸಿದ್ಧವಾದ ಸಭಾಂಗಣವು ಅದರ ಕೇಂದ್ರ. ಸರ್ವೆಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಅಲಂಕರಿಸಿದ ಗಾಡಿಗೆ ತಾವೇ ಹೆಗಲುಕೊಟ್ಟು ರೈಲ್ವೆ ನಿಲ್ದಾಣದವರೆಗೂ ಎಳೆದೊಯ್ದ ಸಂಗತಿ ಸುವಿದಿತ. ವಾಕ್ಕಿಗೆ ಸಂದ ಇಂಥ ಮರ್ಯಾದೆಯು ಆ ತರುಣರ ಹೃದಯದಲ್ಲಿ ಉಪನ್ಯಾಸಕ್ಕಿದ್ದ ಸ್ಥಾನವನ್ನು ತೋರಿಸುತ್ತದೆ. 1926ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರು ಮಾಡಿದ ಉಪನ್ಯಾಸಗಳು ಮರುವರ್ಷ ಹಿಂದೂ ಜೀವನದೃಷ್ಟಿಯನ್ನು ಕುರಿತ ಪ್ರಖ್ಯಾತ ಗ್ರಂಥವಾದವು. 1919ರ ಆದಿಯಲ್ಲಿ ರವೀಂದ್ರನಾಥ ಠಾಕೂರರು ದಕ್ಷಿಣ ದೇಶದ ಪ್ರವಾಸದಲ್ಲಿ ಬೆಂಗಳೂರು ಮೈಸೂರುಗಳಿಗೆ ಆಗಮಿಸಿದಾಗಲೂ, ಕಲೆ ಸಂಸ್ಕೃತಿಗಳ ವಿಚಾರವನ್ನು ಕೇಳಲು ಇಲ್ಲಿಯ ವಿದ್ಯಾವಂತರು ಉತ್ಸುಕರಾಗಿದ್ದರು. ಆದರೆ ಪೇಟೆಯ ವರ್ತಕನೂ ತಾಲ್ಲೂಕಿನ ರೈತನೂ ಈ ಸಭೆಗಳಿಗೆ ಹೊರಗಿನವರಾಗಿಯೇ ಉಳಿದರು.

ಈ ಕೊರತೆಯನ್ನು ಎಲ್ಲರಿಗಿಂತ ಮೊದಲು ಮನಗಂಡವರಲ್ಲಿ ಇಂಗ್ಲಿಷ್ ಅಧ್ಯಾಪಕರೇ ಅಗ್ರಗಣ್ಯರೆಂಬುದು ಗಮನಾರ್ಹ. ಬಿ. ಎಂ. ಶ್ರೀಕಂಠಯ್ಯನವರು ವಿಶ್ವವಿದ್ಯಾನಿಲಯವು ಹುಟ್ಟುವುದಕ್ಕೆ ಐದು ವರ್ಷ ಮೊದಲೇ, 1911ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸವನ್ನು ಮಾಡಿದ್ದರು. ಮೈಸೂರು ಸೀಮೆಯ ಇಂಗ್ಲಿಷ್ ಅಧ್ಯಾಪಕನೊಬ್ಬನು ಮುಂಬಯಿ ಪ್ರಾಂತದ ಕನ್ನಡಿಗರೆದುರು ನಿಂತು, ಆಗಿನ ರಾಜಕೀಯ ಗಡಿಗಳನ್ನು ಲೆಕ್ಕಿಸದೆ, ಒಂದು ಜನಾಂಗದ ಭಾಷೆಯ ಭವಿಷ್ಯವನ್ನು ಚರ್ಚಿಸಿದ ಆ ಸಂದರ್ಭವನ್ನು ನಮ್ಮ ಸಾರ್ವಜನಿಕ ಉಪನ್ಯಾಸಗಳ ನಿಜವಾದ ಪ್ರಾರಂಭವೆಂದು ನಾನು ಎಣಿಸುತ್ತೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ಸಂಘದಲ್ಲಿ ಮಾತು, ಪತ್ರಿಕೆಯಲ್ಲಿ ಬರಹ. ಒಂದು ಇನ್ನೊಂದಕ್ಕೆ ಪೋಷಕವಾಯಿತು. 1927ರಲ್ಲಿ ಕನ್ನಡ ಎಂ.ಎ. ತರಗತಿಯು ತೆರೆಯಲ್ಪಟ್ಟುದರಿಂದ, ಕನ್ನಡದಲ್ಲಿಯೇ ಶಾಸ್ತ್ರೀಯವಾಗಿ ಮಾತನಾಡಬಲ್ಲ ಒಂದು ಪೀಳಿಗೆಯೂ ಸಿದ್ಧವಾಗುತ್ತ ಬಂದಿತು.

ಆದರೂ ಸಂಕ್ರಮಣವು ಒಮ್ಮೆಗೇ ಆಗಲಿಲ್ಲ. ಆರ್. ನರಸಿಂಹಾಚಾರ್ಯರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಕನ್ನಡ ಭಾಷೆಯ ಚರಿತ್ರೆಯನ್ನು ಕುರಿತು ಮಾಡಿದ ಉಪನ್ಯಾಸಗಳು 1934ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದದ್ದು ಇಂಗ್ಲಿಷಿನಲ್ಲಿ. ಅನ್ಯಪ್ರಾಂತಗಳ ವಿದ್ವಾಂಸರಿಗೆ ಕನ್ನಡದ ಪ್ರಾಚೀನತೆಯನ್ನು ಮನಗಾಣಿಸಲು ಅದು ಅವಶ್ಯಕವೇ ಆಗಿದ್ದಿತು. ‘ಕರ್ಣಾಟಕ ಕವಿಚರಿತೆ’ಯ ಮೂಲಕ ಕನ್ನಡಿಗರ ಋಣವನ್ನು ಅವರು ಮೊದಲೇ ತೀರಿಸಿದ್ದರು.

ರಾಜಕೀಯದ ವಿಷಯದಲ್ಲಿ ದೇಶೀಯ ಸಂಸ್ಥಾನವೊಂದರ ವಿದ್ಯಾಪೀಠಕ್ಕೆ ಸಹಜವಾಗಿಯೇ ಸಂಕೋಚವಿದ್ದಿತು. ಆದರೆ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರೇ ಮೈಸೂರಿನ ರಾಜ್ಯಾಂಗ ಸುಧಾರಣೆಯ ಸಮಿತಿಗೆ ಅಧ್ಯಕ್ಷರಾಗಿ 1923ರಲ್ಲಿ ವರದಿಯನ್ನೊಪ್ಪಿಸಿದುದನ್ನು ನೆನೆದರೆ, ತತ್ತ್ವಚಿಂತನೆಗೂ ರಾಜ್ಯವ್ಯವಸ್ಥೆಗೂ ನಡುವೆ ಗೋಡೆಯಿರಲಿಲ್ಲವೆಂಬುದು ವ್ಯಕ್ತವಾಗುತ್ತದೆ. ರಾಜಕೀಯದ ಮುಕ್ತಚರ್ಚೆಗೆ ಹೆಚ್ಚಿನ ಅವಕಾಶ ದೊರೆತದ್ದು ಹೊರಗೆ, ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯು ಆ ಕಾರ್ಯವನ್ನು ನಿಷ್ಠೆಯಿಂದ ವಹಿಸಿಕೊಂಡಿತು.

ಪರಂಪರೆಯ ಫಲಕಾಲವು ಪ್ರಚಾರೋಪನ್ಯಾಸಗಳದು. ಪ್ರಾಧ್ಯಾಪಕರು ಪಟ್ಟಣ ಗ್ರಾಮಗಳಿಗೆ ತಾವೇ ಹೋಗಿ ಕನ್ನಡದಲ್ಲಿ ಮಾತನಾಡುವುದು, ಆ ಮಾತನ್ನೇ ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸುವುದು, ಇದು ಮೈಸೂರಿನ ಕ್ರಮ. 1956ರಲ್ಲಿ ಉಪಕುಲಪತಿಗಳಾದ ಕುವೆಂಪು ಅವರ ಕಾಲದಲ್ಲಿ ವಿಶ್ವವಿದ್ಯಾನಿಲಯದ ಪ್ರಕಟನ ವಿಭಾಗವಾದ ಪ್ರಸಾರಾಂಗವು ಇದಕ್ಕೆ ನವಚೈತನ್ಯವನ್ನು ತುಂಬಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡದಲ್ಲಿ ನೆಲೆಗೊಂಡು, ಉತ್ತರದ ಜಿಲ್ಲೆಗಳಲ್ಲಿ ವ್ಯಾಸಂಗ ವಿಸ್ತರಣದ ಹೆಸರಿನಲ್ಲಿ ಇದೇ ಕೆಲಸವನ್ನು ಕೈಗೊಂಡಿತು. ಕವಿ ಚೆನ್ನವೀರ ಕಣವಿಯವರು 1983ರಲ್ಲಿ ನಿವೃತ್ತರಾಗುವವರೆಗೂ ಅದನ್ನು ನಡಸಿಕೊಂಡು ಬಂದರು. ಅಲ್ಲಿಯ ‘ಉಪನ್ಯಾಸ ಗ್ರಂಥಮಾಲೆ’ಯ ಪುಸ್ತಿಕೆಯೊಂದನ್ನು ತೆರೆದರೆ ಅಂಗೈಯಗಲದ ಕೆಲವೇ ಪುಟಗಳು, ಆದರೆ ವಾಕ್ಯಗಳು ಚಿಕ್ಕವು, ಪರಿಭಾಷೆ ಮಿತವಾದುದು, ಕಠಿಣ ವಿಚಾರದ ಬೆನ್ನಿಗೆ ಊರವರಿಗೆ ಪರಿಚಿತವಾದ ಒಂದು ಉದಾಹರಣೆ. ಎದುರಿಗೆ ಕುಳಿತವನ ಮುಖವನ್ನು ನೋಡಿ ಮಾತನಾಡಿದವನಿಗಲ್ಲದೆ ಇಂಥ ಗದ್ಯವು ಸಿದ್ಧಿಸದು. ಹೊಸಗನ್ನಡದ ಶಾಸ್ತ್ರಗದ್ಯವು ರೂಪುಗೊಂಡ ಬಗೆಯನ್ನು ವಿಚಾರಿಸುವವರು ಪ್ರೌಢಪ್ರಬಂಧಗಳಿಗಿಂತ ಮೊದಲು ಇವನ್ನು ಪರಿಶೀಲಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ತೆಳುವಾದ ಹೊತ್ತಗೆಗಳೆಂಬ ಕಾರಣಕ್ಕೇ ಇವು ರಟ್ಟಿಲ್ಲದೆ, ಹೊಲಿಗೆ ಬಿಚ್ಚಿ, ಬಹುಬೇಗ ಕಳೆದುಹೋಗತಕ್ಕವು. ಮೈಸೂರು ಧಾರವಾಡಗಳೆರಡರ ಉಪನ್ಯಾಸಮಾಲೆಗಳಿಗೂ ಕೂಡಿ ಒಂದು ಸಮಗ್ರ ಸೂಚಿಯು ಸಿದ್ಧವಾಗಬೇಕು. ಉಪನ್ಯಾಸ ನಡೆದ ಊರು, ತೇದಿ, ವಿಷಯಗಳು ಅದರಲ್ಲಿ ಸೇರಬೇಕು. ಹಿರಿಯರ ಪೆಟ್ಟಿಗೆಗಳಲ್ಲಿ, ಶಾಲೆಯ ಬೀರುಗಳಲ್ಲಿ ಇಂಥ ಪುಸ್ತಿಕೆಗಳು ಉಳಿದಿದ್ದಲ್ಲಿ ಓದುಗರು ಅವನ್ನು ರದ್ದಿಗೆ ಹಾಕದೆ ಸಮೀಪದ ವಿಶ್ವವಿದ್ಯಾನಿಲಯದ ಗ್ರಂಥಭಂಡಾರಕ್ಕೆ ಒಪ್ಪಿಸಬೇಕಾಗಿ ಪ್ರಾರ್ಥಿಸುತ್ತೇನೆ.