ಸಾಂಕ್ರಾಮಿಕ ಕಾಲದಲ್ಲಿ ಮಕ್ಕಳ ಫುಟ್‌ಬಾಲ್: ಸುರಕ್ಷಿತ ತರಬೇತಿಯ ಚರಿತ್ರೆ

ಸೋಂಕು ಹರಡುವ ಕಾಲದಲ್ಲಿ ಮಕ್ಕಳ ಫುಟ್‌ಬಾಲ್ ತರಬೇತಿಯನ್ನು ಹೇಗೆ ನಡೆಸಬೇಕು ಎಂಬುದಕ್ಕೆ ವಿವರವಾದ ಲಿಖಿತ ಕ್ರಮ ರೂಪುಗೊಂಡದ್ದು 2020ರಲ್ಲಿ. ಕೋವಿಡ್ ಹಾವಳಿಯ ನಡುವೆಯೇ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳ ಫುಟ್‌ಬಾಲ್ ಸಂಸ್ಥೆಗಳು ಕೆಲವೇ ವಾರಗಳಲ್ಲಿ ಅದನ್ನು ಬರೆದು ಹೊರತಂದವು. ಅದರ ಹಿಂದಿದ್ದ ತಿಳಿವಳಿಕೆ ಮಾತ್ರ ಅಷ್ಟು ಬೇಗ ಬಂದದ್ದಲ್ಲ. ಮುಚ್ಚಿದ ಕೋಣೆಗಿಂತ ಬಯಲು ಲೇಸು, ಜ್ವರವಿದ್ದವರು ಆಡಬಾರದು, ಕುಡಿಯುವ ನೀರಿನ ಮೇಲೆ ನಿಗಾ ಇರಬೇಕು, ಲಸಿಕೆ ಸಿಕ್ಕಾಗ ಹಾಕಿಸಿಕೊಳ್ಳಬೇಕು ಎಂಬ ಪಾಠಗಳು ನೂರು ವರ್ಷಗಳ ಅವಧಿಯಲ್ಲಿ, ಬೇರೆ ಬೇರೆ ಪಿಡುಗುಗಳಿಂದ ಒಂದೊಂದಾಗಿ ಸೇರುತ್ತ ಬಂದಿದ್ದವು.

ಮುಚ್ಚುವುದೊಂದೇ ದಾರಿಯಾಗಿದ್ದ ಕಾಲ

1918ರ ಇನ್‌ಫ್ಲುಯೆಂಜಾ ಬಂದಾಗ ಹೆಚ್ಚಿನ ಕಡೆ ಹೊಳೆದ ಮೊದಲ ಉಪಾಯ ಬಾಗಿಲು ಹಾಕುವುದು. ಆ ವರ್ಷ ರಿಯೊ ಡಿ ಜನೈರೊದಲ್ಲಿ ನಡೆಯಬೇಕಿದ್ದ ದಕ್ಷಿಣ ಅಮೆರಿಕದ ಫುಟ್‌ಬಾಲ್ ಚಾಂಪಿಯನ್‌ಷಿಪ್ ಅನ್ನು ಮುಂದೂಡಲಾಯಿತು. ಅದು ನಡೆದದ್ದು 1919ರ ಮೇ ತಿಂಗಳಲ್ಲಿ. ಅಮೆರಿಕದ ಬಹುಪಾಲು ದೊಡ್ಡ ನಗರಗಳು ಶಾಲೆಗಳನ್ನು ಮುಚ್ಚಿದವು. ಅವುಗಳೊಂದಿಗೆ ಶಾಲಾ ಆಟಗಳೂ ನಿಂತವು. ನ್ಯೂಯಾರ್ಕ್ ಮತ್ತು ಷಿಕಾಗೊ ಬೇರೆ ದಾರಿ ಹಿಡಿದವು. ಅಲ್ಲಿ ಶಾಲೆಗಳು ತೆರೆದೇ ಇದ್ದವು. ಮಕ್ಕಳನ್ನು ಶಾಲೆಯಲ್ಲೇ ಪರೀಕ್ಷಿಸಿ, ಲಕ್ಷಣ ಕಂಡವರನ್ನು ಬೇರ್ಪಡಿಸಲಾಗುತ್ತಿತ್ತು. ಬಯಲಿನ ಬಗ್ಗೆ ಒಂದು ನಂಬಿಕೆ ಅದಾಗಲೇ ಬೆಳೆದಿತ್ತು. ಕ್ಷಯದ ಭಯದಿಂದ 1904ರಲ್ಲಿ ಬರ್ಲಿನ್ ಬಳಿಯ ಷಾರ್ಲೊಟನ್‌ಬುರ್ಗ್‌ನಲ್ಲಿ ಮರಗಳ ನಡುವೆ ಬಯಲು ಶಾಲೆಯೊಂದು ಆರಂಭವಾಗಿತ್ತು. ಇಂಗ್ಲೆಂಡ್ ಮತ್ತು ಅಮೆರಿಕ ಅದನ್ನು ಅನುಸರಿಸಿದ್ದವು. ತರಬೇತಿಗೆ ಬಂದವರನ್ನು ಮೊದಲು ವಿಚಾರಿಸಿಕೊಳ್ಳುವುದು, ಬಯಲಲ್ಲೇ ಎಲ್ಲವನ್ನೂ ನಡೆಸುವುದು ಎಂಬ 2020ರ ಎರಡು ಮುಖ್ಯ ನಿಯಮಗಳ ಬೇರು ಇಲ್ಲಿದೆ.

ಪೋಲಿಯೊ ಕಲಿಸಿದ ಪಾಠ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮಕ್ಕಳ ಆಟವನ್ನು ಹೆಚ್ಚು ಕಾಡಿದ ರೋಗ ಪೋಲಿಯೊ. 1916ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅದು 2,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಚ್ಚಿನವರು ಎಳೆಯ ಮಕ್ಕಳು. ಮುಂದಿನ ದಶಕಗಳಲ್ಲಿ ಬೇಸಿಗೆ ಬಂತೆಂದರೆ ಈಜುಕೊಳಗಳಿಗೆ ಬೀಗ ಬೀಳುತ್ತಿತ್ತು. 1940ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ನರರೋಗ ತಜ್ಞ ಡಬ್ಲ್ಯು. ರಿಚಿ ರಸೆಲ್ ಒಂದು ಮಹತ್ವದ ಸಂಗತಿಯನ್ನು ಗುರುತಿಸಿದರು. ರೋಗದ ಆರಂಭದ ಲಕ್ಷಣ ಕಾಣಿಸಿಕೊಂಡ ಮೇಲೂ ಮೈ ದಣಿಸಿಕೊಂಡವರಲ್ಲಿ ಪಾರ್ಶ್ವವಾಯು ಹೆಚ್ಚು ತೀವ್ರವಾಗಿರುತ್ತಿತ್ತು. ಹುಷಾರಿಲ್ಲದ ದಿನವೂ ಹಟ ಹಿಡಿದು ಆಡುವುದು ಶೌರ್ಯವೆಂದು ಎಣಿಸುತ್ತಿದ್ದ ಕ್ರೀಡಾಲೋಕಕ್ಕೆ ಇದು ದೊಡ್ಡ ಎಚ್ಚರಿಕೆ.

ಫುಟ್‌ಬಾಲ್ ಮತ್ತು ಸಾರ್ವಜನಿಕ ಆರೋಗ್ಯದ ನಂಟು ಎಲ್ಲರ ಕಣ್ಣಿಗೆ ಬಿದ್ದದ್ದು 1959ರಲ್ಲಿ. ಇಂಗ್ಲೆಂಡ್ ಪರ 17 ಪಂದ್ಯ ಆಡಿದ್ದ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ಬಿನ ರಕ್ಷಣಾ ಆಟಗಾರ ಜೆಫ್ ಹಾಲ್ ಮಾರ್ಚ್ 21ರಂದು ತಮ್ಮ ಕೊನೆಯ ಪಂದ್ಯ ಆಡಿ, ಏಪ್ರಿಲ್ 4ರಂದು ಪೋಲಿಯೊದಿಂದ ತೀರಿಕೊಂಡರು. ಆಗ ಅವರಿಗೆ 29 ವರ್ಷ. ಬ್ರಿಟನ್ನಿನಲ್ಲಿ 1956ರಿಂದಲೇ ಪೋಲಿಯೊ ಲಸಿಕೆ ಲಭ್ಯವಿದ್ದರೂ ಯುವಕರು ಅದರತ್ತ ಅಷ್ಟಾಗಿ ಸುಳಿದಿರಲಿಲ್ಲ. ಗಟ್ಟಿಮುಟ್ಟಾದ ಆಟಗಾರನೇ ಎರಡು ವಾರಗಳಲ್ಲಿ ಇಲ್ಲವಾದ ಸುದ್ದಿ ಅವರನ್ನು ಲಸಿಕಾ ಕೇಂದ್ರಗಳ ಮುಂದೆ ಸಾಲುಗಟ್ಟಿಸಿತು. ಸರ್ಕಾರಿ ಪ್ರಚಾರ ಮಾಡಲಾಗದ ಕೆಲಸವನ್ನು ಆ ಒಂದು ಸಾವು ಮಾಡಿತು.

ನೀರು, ಪ್ರಯಾಣ, ಸ್ಪರ್ಶ

ತರಬೇತಿ ಮೈದಾನದ ನಲ್ಲಿಯೇ ರೋಗದ ಮೂಲವಾದ ಪ್ರಸಂಗವೂ ಉಂಟು. 1969ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿ ಕ್ರಾಸ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಬಹುಪಾಲು ಆಟಗಾರರಿಗೆ ಹೆಪಟೈಟಿಸ್ ತಗುಲಿ, ಎರಡೇ ಪಂದ್ಯಗಳ ಬಳಿಕ ಆ ಋತುವಿನ ಆಟವೇ ರದ್ದಾಯಿತು. ಅಭ್ಯಾಸದ ಮೈದಾನಕ್ಕೆ ಬರುವ ಕೊಳವೆಯಲ್ಲಿ ಕಲುಷಿತ ನೀರು ಸೇರಿದ್ದೇ ಕಾರಣವೆಂದು ತನಿಖೆ ತೋರಿಸಿತು.

2009ರ ಏಪ್ರಿಲ್‌ನಲ್ಲಿ ಎಚ್1ಎನ್1 ಜ್ವರ ಮೆಕ್ಸಿಕೊದಲ್ಲಿ ಹರಡಿದಾಗ ಟಿಹುವಾನಾ ನಗರದಲ್ಲಿ ಉತ್ತರ ಮತ್ತು ಮಧ್ಯ ಅಮೆರಿಕ ವಲಯದ 17 ವರ್ಷದೊಳಗಿನವರ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಸೆಮಿಫೈನಲ್ ತಲುಪಿದ ನಾಲ್ಕೂ ತಂಡಗಳು ವಿಶ್ವಕಪ್‌ಗೆ ಅರ್ಹತೆ ಪಡೆದಾಗಿತ್ತು. ಉಳಿದ ಪಂದ್ಯಗಳನ್ನು ಕೈಬಿಡಲಾಯಿತು. ಹುಡುಗರ ಆರೋಗ್ಯದ ಮುಂದೆ ಕಪ್ ದೊಡ್ಡದಲ್ಲ ಎಂಬ ನಿರ್ಧಾರ ಅದು. 2014ರಲ್ಲಿ ಎಬೋಲಾ ಹರಡಿದಾಗ ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ಫುಟ್‌ಬಾಲ್ ಅನ್ನೇ ನಿಲ್ಲಿಸಿದವು. ಬೆವರು, ರಕ್ತ, ಮೈಗೆ ಮೈ ತಾಗುವ ಆಟದಲ್ಲಿ ಬೇರೆ ದಾರಿ ಇರಲಿಲ್ಲ.

2020: ಹಂತ ಹಂತವಾಗಿ ಮೈದಾನಕ್ಕೆ

ಕೋವಿಡ್ ಬಂದಾಗಲೂ ಮೊದಲ ಹೆಜ್ಜೆ ಮುಚ್ಚುವುದೇ ಆಗಿತ್ತು. 2020ರ ಮಾರ್ಚ್ ಎರಡನೆಯ ವಾರದಲ್ಲಿ ಅಮೆರಿಕದ ಯುವ ಸಾಕರ್ ಸಂಘಗಳು ಚಟುವಟಿಕೆ ನಿಲ್ಲಿಸಿದವು. ಮಾರ್ಚ್ 13ರಂದು ಇಂಗ್ಲೆಂಡಿನ ವೃತ್ತಿಪರ ಪಂದ್ಯಗಳು ನಿಂತವು. ಅದೇ ತಿಂಗಳ ಕೊನೆಯಲ್ಲಿ ಕೆಳಹಂತದ ಫುಟ್‌ಬಾಲ್ ಋತುವೂ ಅರ್ಧಕ್ಕೇ ಮುಗಿಯಿತೆಂದು ಘೋಷಣೆಯಾಯಿತು. ಮಕ್ಕಳು ಮನೆಯ ಅಂಗಳದಲ್ಲಿ ಒಬ್ಬೊಬ್ಬರೇ ಚೆಂಡು ಪುಟಿಸುತ್ತ, ಕೋಚ್‌ಗಳು ವಿಡಿಯೊದಲ್ಲಿ ಪಾಠ ಹೇಳುತ್ತ ಎರಡು ತಿಂಗಳು ಕಳೆದವು.

ಹಿಂದಿನ ಪಿಡುಗುಗಳಿಗೂ ಇದಕ್ಕೂ ಇದ್ದ ವ್ಯತ್ಯಾಸ ಕಂಡದ್ದು ಮೇ ತಿಂಗಳಲ್ಲಿ. ಪೂರ್ತಿ ಮುಚ್ಚುವುದು, ಪೂರ್ತಿ ತೆರೆಯುವುದು ಇವೆರಡರ ನಡುವೆ ಮೆಟ್ಟಿಲುಗಳನ್ನು ಕಟ್ಟಲಾಯಿತು. ಜರ್ಮನಿಯ ಫುಟ್‌ಬಾಲ್ ಸಂಘ ‘ಮರಳಿ ಮೈದಾನಕ್ಕೆ’ ಎಂಬ ಅರ್ಥದ ಹೆಸರಿನಲ್ಲಿ ಹವ್ಯಾಸಿ ಕ್ಲಬ್ಬುಗಳಿಗೆ ಕೈಪಿಡಿ ಕೊಟ್ಟಿತು. ಆಟಗಾರರ ನಡುವೆ ಒಂದೂವರೆ ಮೀಟರ್ ಅಂತರ ಅದರ ಆಧಾರ. ಅಮೆರಿಕದ ಸಾಕರ್ ಫೆಡರೇಷನ್ ಮೊದಲು ಒಂಟಿಯಾಗಿ ಹಾಗೂ ಸಣ್ಣ ಗುಂಪಿನಲ್ಲಿ ಅಭ್ಯಾಸ, ನಂತರ ಇಡೀ ತಂಡದ ತರಬೇತಿ, ಆಮೇಲೆ ಪಂದ್ಯ ಎಂದು ಕ್ರಮ ಹಾಕಿತು. ಇಂಗ್ಲೆಂಡಿನಲ್ಲಿ ಜೂನ್ 1ರಿಂದ ಬಯಲಿನಲ್ಲಿ ಆರು ಜನ ಸೇರಬಹುದಾಯಿತು. ಜುಲೈ ನಡುವಿನಲ್ಲಿ ಕೋಚ್‌ಗಳೂ ಸೇರಿ 30 ಜನರ ತರಬೇತಿಗೆ ಅನುಮತಿ ಸಿಕ್ಕಿತು. ಲೀಗ್‌ಗಳು ಸೆಪ್ಟೆಂಬರ್‌ನಲ್ಲಿ ಮರಳಿದವು. ಹೀಗೆ ಏರಿದ ಮೆಟ್ಟಿಲನ್ನು ಇಳಿಯಬೇಕಾಗಿಯೂ ಬಂತು: ನವೆಂಬರ್ 5ರಿಂದ ನಾಲ್ಕು ವಾರ, ಮತ್ತೆ 2021ರ ಜನವರಿಯಿಂದ ಮಾರ್ಚ್ 29ರವರೆಗೆ ಅಲ್ಲಿ ಮಕ್ಕಳ ಕ್ಲಬ್ ಫುಟ್‌ಬಾಲ್ ನಿಂತಿತ್ತು.

ಬದಲಾದ ಅಭ್ಯಾಸದ ರೀತಿ

ಈ ನಿಯಮಗಳು ಒಂದು ಸಂಜೆಯ ತರಬೇತಿಯನ್ನು ಬುಡದಿಂದ ಬದಲಿಸಿದವು. ಮಗು ಮನೆ ಬಿಡುವ ಮೊದಲೇ ಪೋಷಕರು ಜ್ವರ, ಕೆಮ್ಮು ಇದೆಯೇ ಎಂದು ನೋಡಬೇಕಿತ್ತು. ಒಂದು ಲಕ್ಷಣವಿದ್ದರೂ ಮನೆಯಲ್ಲೇ ಉಳಿಯಬೇಕಿತ್ತು. ಬಟ್ಟೆ ಬದಲಿಸುವ ಕೋಣೆ ಮುಚ್ಚಿದ್ದರಿಂದ ಮಕ್ಕಳು ಆಟದ ಉಡುಪಿನಲ್ಲೇ ಬರುತ್ತಿದ್ದರು. ಬ್ಯಾಗುಗಳನ್ನು ದೂರ ದೂರ ಇಡಲಾಗುತ್ತಿತ್ತು. ಪ್ರತಿಯೊಬ್ಬರಿಗೂ ತಮ್ಮದೇ ನೀರಿನ ಬಾಟಲಿ ಇರಬೇಕಿತ್ತು. ತಂಡ ಬೇರ್ಪಡಿಸಲು ತೊಡುವ ಬಣ್ಣದ ಬಿಬ್‌ಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುವುದು ನಿಂತಿತು. ಕೋನ್‌ಗಳನ್ನು ಇಡುವುದು, ಎತ್ತುವುದು ಕೋಚ್‌ಗಳ ಕೆಲಸವಾಯಿತು. ಚೆಂಡನ್ನು ಆದಷ್ಟು ಕಾಲಿನಿಂದಲೇ ಮುಟ್ಟಬೇಕಿತ್ತು. ಗೋಲ್‌ಕೀಪರ್ ಕೈಗವಸುಗಳನ್ನು ಶುಚಿಗೊಳಿಸಿಕೊಳ್ಳಬೇಕಿತ್ತು. ಒಂದು ಗುಂಪಿನ ಮಕ್ಕಳು ಇನ್ನೊಂದಕ್ಕೆ ಬೆರೆಯುವಂತಿರಲಿಲ್ಲ. ಬಂದವರ ಹೆಸರುಗಳನ್ನು ಬರೆದಿಡುತ್ತಿದ್ದುದು ಸೋಂಕು ಕಂಡರೆ ಜೊತೆಗಿದ್ದವರನ್ನು ಹುಡುಕಲು ನೆರವಾಗುತ್ತಿತ್ತು. ಇಂಗ್ಲೆಂಡಿನ ನಿಯಮಾವಳಿ ಇನ್ನೂ ಸೂಕ್ಷ್ಮಕ್ಕೆ ಹೋಯಿತು: ಗೋಲು ಹೊಡೆದಾಗ ತಬ್ಬಿಕೊಳ್ಳಬಾರದು, ಎದುರುಬದುರು ನಿಂತು ಕೂಗಬಾರದು, ಉಗುಳಬಾರದು, ಗೋಲು ಕಂಬಗಳನ್ನು ಒರೆಸಬೇಕು.

ಆಟದ ನಿಯಮವೇ ಬದಲಾದ ಉದಾಹರಣೆ ಮ್ಯಾಸಚೂಸೆಟ್ಸ್‌ನದು. 2020ರ ಶರತ್ಕಾಲದಲ್ಲಿ ಅಲ್ಲಿನ ಹೈಸ್ಕೂಲ್ ಸಾಕರ್‌ನಲ್ಲಿ ಹೆಡರ್‌ಗೆ ಅವಕಾಶ ಇರಲಿಲ್ಲ. ಕೈಯಿಂದ ಎಸೆಯುವ ಥ್ರೋ-ಇನ್ ಬದಲು ಕಾಲಿನಿಂದ ಒದ್ದು ಚೆಂಡನ್ನು ಒಳಗೆ ತರಬೇಕಿತ್ತು. ಭುಜಕ್ಕೆ ಭುಜ ಕೊಟ್ಟು ಚೆಂಡಿಗಾಗಿ ಸೆಣಸುವುದು ನಿಷಿದ್ಧ. ಮಕ್ಕಳು ಮಾಸ್ಕ್ ತೊಟ್ಟು ಆಡಿದರು. ಆಟದ ಸೊಗಸು ಕಡಿಮೆಯಾಯಿತು ನಿಜ. ಆಟ ಮಾತ್ರ ಉಳಿಯಿತು. ಅದೇ ರಾಜ್ಯ ಅಕ್ಟೋಬರ್‌ನಲ್ಲಿ ಒಳಾಂಗಣದ ಐಸ್ ಹಾಕಿ ಅಂಗಣಗಳನ್ನು ಎರಡು ವಾರ ಮುಚ್ಚಿಸಬೇಕಾಯಿತು. ಹಾಕಿಗೆ ಸಂಬಂಧಿಸಿದ ಕನಿಷ್ಠ 30 ಸೋಂಕಿನ ಗುಂಪುಗಳು ಅಲ್ಲಿ ಪತ್ತೆಯಾಗಿದ್ದವು.

ಅಪಾಯ ಎಲ್ಲಿತ್ತು?

ನಿಯಮಗಳನ್ನು ಬರೆದಾಗ ಚೆಂಡು, ಕಂಬ, ಕೋನ್‌ಗಳ ಮೇಲಿನ ವೈರಾಣುವಿನ ಭಯವೇ ದೊಡ್ಡದಾಗಿತ್ತು. ಕ್ರಮೇಣ ಅಂಕಿಅಂಶಗಳು ಬೇರೆ ಚಿತ್ರ ಕೊಟ್ಟವು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ವೃತ್ತಿಪರ ಲೀಗ್‌ನ 14 ಪಂದ್ಯಗಳಲ್ಲಿ ಆಟಗಾರರ ಚಲನೆಯನ್ನು ಅಳೆದು ನೋಡಿದರು. ಸೋಂಕಿತನೆಂದು ಊಹಿಸಿಕೊಂಡ ಆಟಗಾರನಿಂದ ಒಂದೂವರೆ ಮೀಟರ್ ಒಳಗೆ ಇನ್ನೊಬ್ಬ ಆಟಗಾರ ಕಳೆಯುವ ಸಮಯ ಇಡೀ ಪಂದ್ಯದಲ್ಲಿ ಸರಾಸರಿ ಒಂದೂವರೆ ನಿಮಿಷದಷ್ಟು ಮಾತ್ರ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ನೂರಕ್ಕೂ ಹೆಚ್ಚು ಯುವ ಸಾಕರ್ ಕ್ಲಬ್ಬುಗಳಿಂದ ಮಾಹಿತಿ ಪಡೆದರು. 2020ರ ಬೇಸಿಗೆಯಲ್ಲಿ ಮೈದಾನಕ್ಕೆ ಮರಳಿದ್ದ 90 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಕಂಡ ಸೋಂಕಿನ ಪೈಕಿ ಆಟದಿಂದಲೇ ಬಂದದ್ದೆಂದು ಕ್ಲಬ್ಬುಗಳು ಗುರುತಿಸಿದ್ದು ಒಂದನ್ನು ಮಾತ್ರ. ಇದಕ್ಕೆ ಎದುರಾಗಿ, 2020ರ ಜೂನ್‌ನಲ್ಲಿ ಫ್ಲಾರಿಡಾದ ಟ್ಯಾಂಪಾ ಪ್ರದೇಶದಲ್ಲಿ ನಡೆದ ಒಂದೇ ಒಂದು ಒಳಾಂಗಣ ಐಸ್ ಹಾಕಿ ಪಂದ್ಯದ ಬಳಿಕ 22 ಆಟಗಾರರಲ್ಲಿ 14 ಮಂದಿ ಅಸ್ವಸ್ಥರಾದರು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕಿತ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗಲುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ಅಂದರೆ ಬಯಲಿನ ಆಟಕ್ಕಿಂತ ಒಟ್ಟಾಗಿ ಕಾರಿನಲ್ಲಿ ಹೋಗುವುದು, ಇಕ್ಕಟ್ಟಾದ ಕೋಣೆಯಲ್ಲಿ ಕೂರುವುದು, ಆಟ ಮುಗಿದ ಮೇಲೆ ಗುಂಪಾಗಿ ಉಣ್ಣುವುದು ಹೆಚ್ಚು ಅಪಾಯಕಾರಿಯಾಗಿದ್ದವು.

ಹೃದಯದ ಸ್ನಾಯು ಊದಿಕೊಳ್ಳುವ ಮಯೊಕಾರ್ಡೈಟಿಸ್‌ನ ಭಯವೂ ಆ ದಿನಗಳದೇ. ಸೋಂಕಿನಿಂದ ಚೇತರಿಸಿಕೊಂಡ ಮಕ್ಕಳನ್ನು ಒಮ್ಮೆಲೇ ಓಡಿಸದೆ, ಎದೆನೋವು, ಏದುಸಿರು, ತಲೆಸುತ್ತು ಇದೆಯೇ ಎಂದು ವಿಚಾರಿಸಿ, ಹಂತ ಹಂತವಾಗಿ ಆಟಕ್ಕೆ ಮರಳಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ಕೊಟ್ಟಿತು. ರಿಚಿ ರಸೆಲ್ ಪೋಲಿಯೊ ಕಾಲದಲ್ಲಿ ಕಂಡ ಎಚ್ಚರಿಕೆಯೇ ಇಲ್ಲಿ ಇನ್ನೊಂದು ರೋಗಕ್ಕೆ ಅನ್ವಯವಾಯಿತು. ಆಟ ನಿಂತದ್ದಕ್ಕೂ ಬೆಲೆ ಇತ್ತು. 2020ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ಹದಿಹರೆಯದ ಆಟಗಾರರ ಸಮೀಕ್ಷೆಯಲ್ಲಿ ಸುಮಾರು ಮೂರನೆಯ ಎರಡರಷ್ಟು ಮಂದಿ ಆತಂಕ, ಖಿನ್ನತೆಯ ಲಕ್ಷಣಗಳನ್ನು ಹೇಳಿಕೊಂಡರು.

ಭಾರತದ ಅನುಭವ

ಭಾರತದಲ್ಲಿ 2020ರ ಮೇ 17ರಂದು ಗೃಹ ಸಚಿವಾಲಯದ ಆದೇಶ ಪ್ರೇಕ್ಷಕರಿಲ್ಲದೆ ಕ್ರೀಡಾಂಗಣಗಳನ್ನು ತೆರೆಯಲು ಬಿಟ್ಟಿತು. ಹತ್ತು ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕೆಂದೂ ಅದೇ ಆದೇಶ ಹೇಳಿತು. ಹೀಗಾಗಿ ತೀರಾ ಎಳೆಯರ ತರಬೇತಿಗೆ ದಾರಿ ತೆರೆಯಲಿಲ್ಲ. ಶಾಲೆಯ ಅಂಗಳವನ್ನೇ ನೆಚ್ಚಿದ್ದ ಮಕ್ಕಳ ಕಾಯುವಿಕೆ ಇನ್ನೂ ದೀರ್ಘ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ತರಗತಿಗಳು ಆರಂಭವಾದದ್ದೇ 2021ರ ಜನವರಿ 1ರಂದು. ಭಾರತದಲ್ಲಿ 2020ರ ನವೆಂಬರ್‌ನಲ್ಲಿ ನಡೆಯಬೇಕಿದ್ದ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಮೊದಲು ಮುಂದಕ್ಕೆ ಹೋಗಿ, ಆಮೇಲೆ ರದ್ದಾಯಿತು. 2022ರ ಅಕ್ಟೋಬರ್‌ನಲ್ಲಿ ಭುವನೇಶ್ವರ, ಮಡಗಾಂವ್, ನವಿ ಮುಂಬಯಿಗಳಲ್ಲಿ ವಿಶ್ವಕಪ್ ನಡೆದಾಗ, 2020ಕ್ಕೆಂದು ಸಜ್ಜಾಗಿದ್ದ ಅನೇಕ ಹುಡುಗಿಯರ ವಯಸ್ಸು ಮೀರಿತ್ತು. ಅವರಿಗಾದ ನಷ್ಟವನ್ನು ಯಾವ ಟೂರ್ನಿಯೂ ತುಂಬಿಕೊಡಲಾರದು.

ಅಮೆರಿಕದಲ್ಲಿ 2021ರ ಮೇ ತಿಂಗಳಲ್ಲಿ 12ರಿಂದ 15 ವರ್ಷದವರಿಗೆ, ಭಾರತದಲ್ಲಿ 2022ರ ಜನವರಿ 3ರಿಂದ 15ರಿಂದ 18 ವರ್ಷದವರಿಗೆ ಲಸಿಕೆ ಸಿಕ್ಕಿತು. ಕಟ್ಟುಪಾಡುಗಳು ಒಂದೊಂದಾಗಿ ಸಡಿಲವಾದವು. ಕಂಬ ಒರೆಸುವುದು, ಚೆಂಡು ತೊಳೆಯುವುದು ಬೇಗ ಮರೆಯಾದವು. ಅವು ಮರೆಯಾದದ್ದರಿಂದ ನಷ್ಟವಿಲ್ಲ. ಸ್ವಂತ ನೀರಿನ ಬಾಟಲಿ, ಹಾಜರಿ ಪುಸ್ತಕ, ಹುಷಾರಿಲ್ಲದ ಮಗುವನ್ನು ತಂಡದಿಂದ ಹೊರಬೀಳುವ ಭಯವಿಲ್ಲದೆ ಮನೆಯಲ್ಲಿ ಉಳಿಸಿಕೊಳ್ಳುವ ಸ್ವಾತಂತ್ರ್ಯ, ಇವು ಮೂರನ್ನು ಎಲ್ಲ ಕ್ಲಬ್ಬುಗಳೂ ಶಾಲೆಗಳೂ ಎಲ್ಲ ಕಾಲಕ್ಕೂ ಉಳಿಸಿಕೊಳ್ಳಬೇಕು. ಇನ್ನೊಂದು ಪಿಡುಗು ಬಂದಾಗ ಅದು ಹರಡುವ ಬಗೆಯನ್ನು ಮೊದಲು ಅರಿತು, ಅದಕ್ಕೆ ತಕ್ಕ ನಿಯಮ ಹಾಕಬೇಕು. ಗಾಳಿಯಿಂದ ಹರಡುವ ರೋಗವಾದರೆ ಒಳಾಂಗಣಗಳನ್ನು ಮೊದಲು ಮುಚ್ಚಿ, ಮಕ್ಕಳ ಬಯಲು ಮೈದಾನಗಳನ್ನು ಆದಷ್ಟು ಕಾಲ ತೆರೆದಿಡುವುದು ಹಿರಿಯರ ಹೊಣೆ.