ದಕ್ಷಿಣ ಕೊಡಗಿನ ಕಾಟಿ: ಕೋವಿಯೋ, ದೊಡ್ಡರೋಗವೋ?

ದಕ್ಷಿಣ ಕೊಡಗಿನ ಹುದಿಕೇರಿಯ ಒಂದು ಮಗ್ಗುಲಿಗೆ ಬ್ರಹ್ಮಗಿರಿಯ ಶೋಲಾ ಕಾಡು, ಇನ್ನೊಂದು ಮಗ್ಗುಲಿಗೆ ನಾಗರಹೊಳೆ. ನಡುವಿನ ಗದ್ದೆ, ಬಾಣೆ, ಕಾಫಿತೋಟಗಳ ಸೀಮೆಯಲ್ಲಿ ಕಾಟಿಯ ಚರಿತ್ರೆ ಬರೆಯಹೊರಟವರು ಮೊದಲು ಹಿಡಿಯುವುದು ಕೋವಿಯನ್ನೇ. ಅದಕ್ಕೆ ಕಾರಣವೂ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಘೋಷಣೆ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ನೀಡಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯ ಬಳಿಕ ಬೇಟೆಗೆ ಹೊರಡುವ ರೂಢಿಯಿತ್ತು. ಮೈಸೂರು ಸೀಮೆಯ ಆನೆ ಹಿಡಿಯುವ ಅಧಿಕಾರಿ ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ಬೈಸನ್’, ಅಂದರೆ ಕಾಟಿಯ, ಬೇಟೆಗೂ ಜಾಗವಿದೆ. ಬೇಟೆಗಾರ ಬರೆದಿಟ್ಟ, ಕೊಂಬನ್ನು ಗೋಡೆಗೆ ತೂಗುಹಾಕಿದ. ರೋಗ ಬಂದು ಕಾಡಿನೊಳಗೆ ಸತ್ತ ಕಾಟಿಯ ಲೆಕ್ಕ ಬರೆಯುವವರು ಯಾರು? ನಮ್ಮ ಆಧಾರಗಳೇ ಕೋವಿಯ ಕಡೆಗೆ ವಾಲಿವೆ ಎಂಬುದು ನನ್ನ ವಾದ.

ಅಮೆರಿಕದ ಬಯಲುಸೀಮೆಯ ಬೈಸನ್ ಕಥೆ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಕೋಟಿಗಟ್ಟಲೆ ಇದ್ದ ಪ್ರಾಣಿ 1889ರ ಹಾರ್ನಡೇ ಗಣತಿಯ ಹೊತ್ತಿಗೆ ಸುಮಾರು ಸಾವಿರಕ್ಕೆ ಇಳಿಯಿತು. ಚರ್ಮದ ವ್ಯಾಪಾರ, ಸಾಗಿಸಲು ರೈಲು, ಅಡಗಲು ಮರೆಯಿಲ್ಲದ ಹುಲ್ಲುಬಯಲು ಇವೆಲ್ಲ ಅಲ್ಲಿ ಕೂಡಿಬಂದಿದ್ದವು. ಕೊಡಗಿನಲ್ಲಿ ಇಂದಿಗೂ ರೈಲಿಲ್ಲ. ಕಾಟಿ ಬಿದಿರುಮೆಳೆಯೊಳಗೆ ನುಸುಳಿದರೆ ಹತ್ತು ಮಾರು ದೂರದವನಿಗೂ ಕಾಣದು.

ಆದರೆ ಕಾಟಿ ದನದ ಹತ್ತಿರದ ನೆಂಟ. ಅದರ ಹಸುಗಳೂ ಕರುಗಳೂ ಹಿಂಡಾಗಿ ಮೇಯುತ್ತವೆ, ಉಪ್ಪುಮಣ್ಣು ನೆಕ್ಕಲು ಒಂದೇ ಜಾಗಕ್ಕೆ ಬರುತ್ತವೆ. ಗದ್ದೆಗೆ ಹೊಂದಿಕೊಂಡ ಬಾಣೆ ಇದ್ದುದೇ ಸೊಪ್ಪು, ಸೌದೆ, ಮೇವಿಗಾಗಿ. ಅದರಾಚೆ ಕಾಡಿನಲ್ಲೂ ದನ ಮೇಯುತ್ತಿತ್ತು. ನಾಗರಹೊಳೆಯ ಜೌಗು ಹಡ್ಲುಗಳಲ್ಲಿ ಭತ್ತದ ಬೇಸಾಯವೂ ನಡೆಯುತ್ತಿತ್ತು. ಒಂದೇ ಹುಲ್ಲು, ಒಂದೇ ನೀರು. ದನಕ್ಕೆ ಬಂದ ರೋಗ ಕಾಟಿಗೆ ದಾಟಲು ಇನ್ನೇನು ಬೇಕು? 1968ರಲ್ಲಿ ನೆರೆಯ ಬಂಡೀಪುರ–ಮುದುಮಲೈ ಕಾಡುಗಳ ಕಾಟಿ ಹಿಂಡುಗಳನ್ನು ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಬಹುಪಾಲು ಅಳಿಸಿತು. ಒಂಬತ್ತು ತಿಂಗಳು ಹೊತ್ತು ಒಂದೇ ಕರು ಹಾಕುವ ಪ್ರಾಣಿ ಇಂಥ ಹೊಡೆತದಿಂದ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ನಾಗರಹೊಳೆ 1955ರಲ್ಲೇ ಅಭಯಾರಣ್ಯವಾಗಿತ್ತು. ಕಾಗದದ ಆಚೆ ಅದು ನಿಜವಾಗಲು ಇನ್ನಷ್ಟು ಕಾಲ ಹಿಡಿಯಿತು. ದಕ್ಷಿಣ ಕೊಡಗಿನವರೇ ಆದ ಕೆ.ಎಂ. ಚಿಣ್ಣಪ್ಪ 1967ರಿಂದ ಅಲ್ಲಿ ಕೆಲಸಮಾಡಿ ಕಳ್ಳಬೇಟೆಯ ಜೊತೆಗೆ ಒಳಗಿನ ಬೇಸಾಯ, ದನಮೇವುಗಳನ್ನೂ ತಡೆದರು. 1972ರ ವನ್ಯಜೀವಿ ಕಾಯಿದೆ ಬಲ ಕೊಟ್ಟಿತು. 1974ರಲ್ಲಿ ಬ್ರಹ್ಮಗಿರಿಯೂ ಅಭಯಾರಣ್ಯವಾಯಿತು. 1980ರ ದಶಕದ ಕೊನೆಯಲ್ಲಿ ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಎಣಿಸಿದಾಗ ಚದರ ಕಿಲೋಮೀಟರಿಗೆ ಒಂಬತ್ತಕ್ಕೂ ಹೆಚ್ಚು ಕಾಟಿಗಳಿದ್ದವು. ಹುಲಿಯ ಮುಖ್ಯ ಆಹಾರಗಳಲ್ಲಿ ಕಾಟಿಯೂ ಒಂದೆಂದು ತೋರಿಸಿದ್ದು ಅದೇ ಅಧ್ಯಯನ.

ಈ ಏಳಿಗೆಯ ಶ್ರೇಯಸ್ಸನ್ನು ಕಾವಲುಗಾರರಿಗೆ ಮಾತ್ರ ಕೊಡುವುದು ವಾಡಿಕೆ. ಊರೂರು ತಿರುಗಿ ದನಗಳಿಗೆ ಲಸಿಕೆ ಚುಚ್ಚಿದ ಪಶುವೈದ್ಯ ಇಲಾಖೆಯವರ ಹೆಸರು ಕಾಡಿನ ಚರಿತ್ರೆಯಲ್ಲಿ ಬರುವುದೇ ಇಲ್ಲ. ಭಾರತದಲ್ಲಿ ದೊಡ್ಡರೋಗದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಅದು ಲೋಕದಿಂದಲೇ ಹೋಯಿತೆಂದು ಘೋಷಿಸಲಾಯಿತು. ಕಾಲುಬಾಯಿ ರೋಗ ಮಾತ್ರ ಹೋಗಿಲ್ಲ. ಲಂಟಾನ ಹಬ್ಬಿ ಹುಲ್ಲು ಕುಗ್ಗಿದ ಕಡೆ ಕಾಟಿ ಕಾಫಿತೋಟಕ್ಕೆ ಇಳಿಯುತ್ತದೆ, ಅಲ್ಲಿ ಮತ್ತೆ ದನದ ಜೊತೆ ಮೇಯುತ್ತದೆ. ಹೀಗಿರುವಾಗ ಹುದಿಕೇರಿಯಂಥ ಕಾಡಂಚಿನ ಊರುಗಳ ಹಳೆಯ ಲಸಿಕೆ ದಾಖಲೆಗಳನ್ನು ಬೇಟೆಯ ನೆನಪಿನ ಪುಸ್ತಕಗಳಷ್ಟೇ ಆಸ್ಥೆಯಿಂದ ಹುಡುಕಿ ಓದಬೇಕಾಗಿದೆ.